ಮೂರನೇ ಸಾಲಿಗೆ ಬಾಗಿಲಿಲ್ಲ

ಆ ಗಾಡಿಯ ಮೂರನೇ ಸಾಲಿಗೆ ಬಾಗಿಲಿಲ್ಲ. ಮುಂದೆ ಕೂರುವವರಿಗೆ ಎರಡು ಬಾಗಿಲು, ನಡುವೆ ಕೂರುವವರಿಗೆ ಎರಡು, ಸಾಮಾನು ತುಂಬಲು ಹಿಂದೆ ಒಂದು. ಮೂರನೇ ಸಾಲಿನ ಮನುಷ್ಯನ ವಿಷಯ ಬಂದಾಗ ಮಾತ್ರ ಗಾಡಿ ಮಾಡಿದವರಿಗೆ ಕೈ ಬಂದಿಲ್ಲ. ನಡುವಿನವರು ಇಳಿದು, ಸೀಟು ಮಡಚಿ ದಾರಿ ಬಿಟ್ಟರೆ ಅವನೂ ಇಳಿಯಬಹುದು. ಬಿಡದಿದ್ದರೆ ಅಲ್ಲೇ ಇರಬಹುದು. ಅಂಥ ಜಾಗ ಯಾರ ಪಾಲಿಗೆ ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಅಳಿಯ ತಾನಾಗಿಯೇ ತಲೆ ತಗ್ಗಿಸಿ ಒಳಗೆ ನುಸುಳಿದ.

ಅವನು ಮನೆ ಅಳಿಯ. ಮಾವನ ಟೈರ್ ಅಂಗಡಿಯಲ್ಲಿ ದುಡಿಮೆ, ಅಂಗಡಿಯ ಮೇಲಿನ ಮನೆಯಲ್ಲಿ ವಾಸ. ಅವನೂ ಅವನ ಹೆಂಡತಿಯೂ ಮಲಗುವ ಕೋಣೆಯ ಬಾಗಿಲು ಮಾವನ ಹಜಾರಕ್ಕೆ ತೆರೆದುಕೊಳ್ಳುತ್ತಿತ್ತು, ಹಜಾರದ ನಟ್ಟನಡುವೆ ಮಾವನ ಕುರ್ಚಿ. ನೀರು ಕುಡಿಯಲು ಎದ್ದರೂ "ಏನು ಅಳಿಯಂದ್ರೇ?" ಎಂಬ ಪ್ರಶ್ನೆಯನ್ನು ದಾಟಿಕೊಂಡೇ ಹೋಗಬೇಕು. ಮಾವ ಕೆಟ್ಟವರೇನಲ್ಲ. ಗದರಿದವರಲ್ಲ, ಹಂಗಿಸಿದವರಲ್ಲ, ಅವನು ಕೈ ತೊಳೆದು ಬರುವವರೆಗೆ ಊಟಕ್ಕೆ ಕಾಯುತ್ತಿದ್ದವರು. ಕೆಟ್ಟವರಾಗಿದ್ದರೆ ಎಷ್ಟೋ ವಾಸಿಯಿತ್ತು, ಒಂದು ದಿನ ಜಗಳವಾಡಿ ಗಂಟುಮೂಟೆ ಕಟ್ಟಬಹುದಿತ್ತು. ಒಳ್ಳೆಯವರ ಮನೆಯಿಂದ ಹೊರಬೀಳಲು ನೆಪವೇ ಸಿಗುವುದಿಲ್ಲ.

ಆ ನೆಪ ಈಗ ತಾನಾಗಿ ಒದಗಿ ಬಂದಿತ್ತು. ಅರ್ಧ ದಿನದ ದಾರಿಯಾಚೆಯ ಇನ್ನೊಂದು ಊರಿನಲ್ಲಿ ಮಾವ ಎರಡನೇ ಅಂಗಡಿ ಹಿಡಿದಿದ್ದರು. ಅದನ್ನು ಅಳಿಯನೇ ನೋಡಿಕೊಳ್ಳುತ್ತಾನೆ ಎಂದು ಅವರೇ ಊಟಕ್ಕೆ ಕೂತಾಗ ಎಲ್ಲರೆದುರು ಹೇಳಿದ್ದರು. ಅಂಗಡಿಯ ಮೇಲೆ ಎರಡು ಕೋಣೆ, ಅದಕ್ಕೆ ಹೊರಗಿನಿಂದಲೇ ಮೆಟ್ಟಿಲು. ಯಾರ ಕುರ್ಚಿಯನ್ನೂ ದಾಟದೆ ಹತ್ತಿ ಇಳಿಯುವ ಮೆಟ್ಟಿಲು! ಹೆಂಡತಿ ಹಿಂದಿನ ಸಲ ಹೋದಾಗ ಕಿಟಕಿಗಳನ್ನು ಅಳೆದುಕೊಂಡು ಬಂದು ಪರದೆಯನ್ನೂ ಹೊಲಿದಿಟ್ಟಿದ್ದಳು. ಅಂಗಡಿಯ ಬೀಗದಕೈ ಮಾವನ ಅಂಗಿಯ ಜೇಬಿನಲ್ಲಿತ್ತು. ಅಲ್ಲಿ ಹೋಗಿ ಶಟರ್ ಎತ್ತಿಸಿ, ಅದನ್ನು ಅಳಿಯನ ಕೈಗಿಡುವುದು ಅಂದಿನ ಕಾರ್ಯಕ್ರಮ.

ಮಾವ ಓಡಿಸುತ್ತಿದ್ದರು, ಪಕ್ಕದಲ್ಲಿ ಅತ್ತೆ. ನಡುವಿನ ಸಾಲಿನಲ್ಲಿ ಭಾವಮೈದ, ಅಂದರೆ ಹೆಂಡತಿಯ ತಮ್ಮ. ಎಡಗಡೆಯ ಕಿಟಕಿಗೆ ಹೆಂಡತಿ, ಅವಳ ತೊಡೆಯ ಮೇಲೆ ನಿದ್ದೆಹೋದ ಪುಟ್ಟ ಮಗಳು. ಮೂರನೇ ಸಾಲಿನ ಅರ್ಧ ಸೀಟನ್ನು ಮಡಚಿ, ಅಲ್ಲಿಂದ ಹಿಂಬಾಗಿಲಿನವರೆಗೆ ಹೊಸ ಅಂಗಡಿಯ ಕಬ್ಬಿಣ ತುಂಬಿದ್ದರು. ದೊಡ್ಡ ಜಾಕುಗಳು, ಕಂಪ್ರೆಸರಿನ ಮೋಟಾರು, ಪಾನಾಗಳ ಪೆಟ್ಟಿಗೆ, ಚಕ್ರದ ಸಮತೂಕಕ್ಕೆ ಹಚ್ಚುವ ಸೀಸದ ತುಂಡುಗಳ ಡಬ್ಬಗಳು. ಉಳಿದ ಅರ್ಧದಲ್ಲಿ ಅಳಿಯ, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ಪಕ್ಕದಲ್ಲಿ ತೆರೆಯಲು ಬಾರದ ಒಂದು ಗಾಜು. ಸೀಟಿನ ನೇರ ಕೆಳಗೆ, ಗಾಡಿಯ ಎಡಗಡೆಯ ಹಿಂಚಕ್ರ.

ಆ ಚಕ್ರದ ಟೈರನ್ನು ಆರಿಸಿದವನು ಅವನೇ. ಮೊದಲಿದ್ದವು ಮನೆಮಂದಿಯ ಓಡಾಟಕ್ಕೆ ಹೇಳಿ ಮಾಡಿಸಿದ ಮೆತ್ತಗಿನ ಟೈರುಗಳು. ಇನ್ನು ಮುಂದೆ ಗಾಡಿ ಎರಡು ಅಂಗಡಿಗಳ ನಡುವೆ ಕಬ್ಬಿಣ ಹೊತ್ತು ತಿರುಗಬೇಕು. ಒಂದು ಟೈರು ಎಷ್ಟು ಭಾರ ಹೊರಬಲ್ಲದು ಎಂಬುದಕ್ಕೆ ಅದರ ಪಕ್ಕೆಯ ಮೇಲೆಯೇ ಒಂದು ಸಂಖ್ಯೆ ಇರುತ್ತದೆ. ಅಳಿಯ ಸಾಮಾನು ತುಂಬಿದ ಗಾಡಿಯನ್ನು ತೂಕಕ್ಕೆ ನಿಲ್ಲಿಸಿ, ಹಿಂದಿನ ಚಕ್ರಗಳ ಮೇಲೆ ಬೀಳುವ ಭಾರವನ್ನು ಬೇರೆಯಾಗಿ ನೋಡಿಕೊಂಡು, ಆ ಸಂಖ್ಯೆಗೆ ತಾಳೆ ಹಾಕಿ, ಸಣ್ಣ ಲಾರಿಗಳಿಗೆ ಹಾಕುವ ದಪ್ಪ ಪಕ್ಕೆಯ ಟೈರುಗಳನ್ನು ತರಿಸಿದ್ದ. ಮಾವ ಅವುಗಳ ಮೈ ತಟ್ಟಿ ನೋಡಿ, ಗಟ್ಟಿಮುಟ್ಟಾಗಿವೆ ಎಂದು ಖುಷಿಪಟ್ಟಿದ್ದರು.

ಗಟ್ಟಿ ಟೈರಿಗೆ ಒಂದು ಗುಣವಿದೆ. ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ದಪ್ಪ ಟೈರಿಗೆ ಅದರ ಪಾಲಿನ ಗಾಳಿ ಕೊಟ್ಟರೆ ಆನೆಯನ್ನು ಬೇಕಾದರೂ ಹೊರುತ್ತದೆ. ಮೆತ್ತಗಿನ ಟೈರಿನ ಗಾಳಿಯನ್ನೇ ಅದಕ್ಕೂ ಕೊಟ್ಟರೆ, ಮೆತ್ತಗಿನದು ಹೊರುತ್ತಿದ್ದಷ್ಟನ್ನೂ ಹೊರುವುದಿಲ್ಲ. ಪ್ರತಿ ಸುತ್ತಿಗೂ ಪಕ್ಕೆ ಮಡಚಿ, ಬಿಚ್ಚಿ, ಮಡಚಿ ಒಳಗೊಳಗೇ ಕಾಯುತ್ತದೆ. ಕಾದು ಕಾದು ಪದರ ಬಿಡುತ್ತದೆ, ಆಮೇಲೆ ಓಡುತ್ತಿರುವಾಗಲೇ ಹರಿಯುತ್ತದೆ. ಗಾಡಿಯ ಬಾಗಿಲಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಗಾಳಿಯ ಒತ್ತಡ ಮೂವತ್ತೈದು ಎಂದಿತ್ತು, ಅದು ಹಳೆಯ ಟೈರಿನ ಮಾತು. ಹೊಸದಕ್ಕೆ ಹಿಂದೆ ಐವತ್ತು, ಮುಂದೆ ನಲವತ್ತೈದು ಎಂದು ಅಳಿಯ ಲೆಕ್ಕ ಹಾಕಿ, ಹೊರಡುವ ಹಿಂದಿನ ಸಂಜೆ ಹಾಗೆಯೇ ತುಂಬಿಸಿದ್ದ. ಮಾವನಿಗೂ ಹೇಳಿದ್ದ. ಮಾವ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಲೇ ಸರಿ ಸರಿ ಎಂದು ಕೈಯಾಡಿಸಿದ್ದರು.

ಆ ಸಂಜೆ ಹೆಂಡತಿಯೂ ಕೆಳಗೆ ಬಂದು ಕವುಚಿಟ್ಟ ರಿಮ್ಮಿನ ಮೇಲೆ ಕೂತಿದ್ದಳು. ಅವರ ಅಂಗಡಿಯಲ್ಲಿ ಚಕ್ರದ ನಟ್ಟು ಬಿಗಿಯುವುದಕ್ಕೆ ಒಂದು ಪದ್ಧತಿಯಿತ್ತು. ಎದುರುಬದುರು ನಟ್ಟುಗಳನ್ನು ಬಿಗಿಯುತ್ತ ಬರಬೇಕು, ಬಿಗಿ ಸಾಕಾದಾಗ ಸದ್ದು ಮಾಡುವ ಅಳತೆಯ ಪಾನಾ ಟಕ್ ಎನ್ನುವವರೆಗೆ ಒತ್ತಬೇಕು, ಟಕ್ ಎಂದ ಮೇಲೆ ಆ ನಟ್ಟಿಗೆ ಹಳದಿ ಸೀಮೆಸುಣ್ಣದಿಂದ ಒಂದು ಗೀಟು ಎಳೆಯಬೇಕು. ಗೀಟಿಲ್ಲದ ನಟ್ಟಿರುವ ಗಾಡಿ ಅಂಗಡಿಯ ಹೊಸ್ತಿಲು ದಾಟುವಂತಿಲ್ಲ. ಅವನು ಬಿಗಿಯುತ್ತ ಹೋದ, ಅವಳು ಹಿಂದೆಯೇ ಗೀಟು ಎಳೆಯುತ್ತ ಬಂದಳು. ಹೊಸ ಮನೆಯಲ್ಲಿ ಹಾಸಿಗೆ ಯಾವ ಗೋಡೆಗೆ, ಒಲೆ ಎಲ್ಲಿ ಎಂದು ಮಾತಾಡುತ್ತಾ ಮಾತಾಡುತ್ತಾ ಅವಳ ಬೆರಳೆಲ್ಲ ಹಳದಿಯಾಗಿತ್ತು. ಮದುವೆಯಾದಾಗಿನಿಂದ ಅವರಿಬ್ಬರೂ ಅಷ್ಟು ಹೊತ್ತು ಯಾರ ಕಿವಿಗೂ ಬೀಳದಂತೆ ಮಾತಾಡಿದ್ದು ಅದೇ ಮೊದಲು.

ಬೆಳಿಗ್ಗೆ ಅಳಿಯ ಮೇಲಿನಿಂದ ಪೆಟ್ಟಿಗೆ ಹೊತ್ತು ಇಳಿಸುತ್ತಿದ್ದಾಗ ಮಾವ ಮಗನನ್ನು ಕೂರಿಸಿಕೊಂಡು ಗಾಡಿಯನ್ನು ಬೀದಿಯಲ್ಲಿ ಒಂದು ಸುತ್ತು ಹೊಡೆಸಿ ತಂದಿದ್ದರು. ಅದು ಅವನಿಗೆ ಗೊತ್ತಿತ್ತು. ಆ ಸುತ್ತಿನಲ್ಲಿ ಏನು ನಡೆಯಿತು ಎಂಬುದು ಗೊತ್ತಾದದ್ದು ಊರು ದಾಟಿ, ದೊಡ್ಡ ರಸ್ತೆಗೆ ಬಿದ್ದು, ಬಿಸಿಲೇರಿದ ಮೇಲೆ.

ಅತ್ತೆ ಹೊಸ ಟೈರುಗಳನ್ನು ಹೊಗಳುತ್ತಿದ್ದರು. ತೊಟ್ಟಿಲಿನಲ್ಲಿ ಕೂತ ಹಾಗಿದೆ, ಮಗು ಒಮ್ಮೆಯೂ ಕಣ್ಣು ಬಿಟ್ಟಿಲ್ಲ ಎಂದರು. ಅಳಿಯನಿಗೆ ಅದೇ ವಿಚಿತ್ರವೆನಿಸಿತ್ತು. ಐವತ್ತು ಗಾಳಿಯ ಗಟ್ಟಿ ಟೈರು ಹೀಗೆ ತೂಗುವುದಿಲ್ಲ, ಸಣ್ಣ ಕಲ್ಲಿಗೂ ಸೊಂಟಕ್ಕೆ ಕುಕ್ಕುತ್ತದೆ. ಭಾರಕ್ಕೆ ಹೀಗಾಗಿರಬೇಕು ಎಂದುಕೊಳ್ಳುತ್ತಿರುವಾಗಲೇ ಭಾವಮೈದ ಹೆಮ್ಮೆಯಿಂದ ಹೇಳಿದ.

"ತೊಟ್ಟಿಲಾಗಿದ್ದು ನನ್ನಿಂದ ಅಮ್ಮ. ಬೆಳಿಗ್ಗೆ ಎತ್ತಿನ ಗಾಡಿ ಥರ ಕುಕ್ತಾ ಇತ್ತು. ಭಾವ ಐವತ್ತು ತುಂಬಿಬಿಟ್ಟಿದ್ರು. ಬಾಗಿಲ ಮೇಲೆ ನೋಡಿದ್ರೆ ಮೂವತ್ತೈದು. ನಾಲ್ಕಕ್ಕೂ ಇಳಿಸಿದೆ."

ಅಳಿಯನ ಕೈ ತಾನಾಗಿಯೇ ಸೀಟಿನ ಅಂಚನ್ನು ಹಿಡಿದುಕೊಂಡಿತು.

ಇದರಲ್ಲಿ ತಪ್ಪು ಯಾರದು ಎಂದರೆ ಹೇಳುವುದು ಕಷ್ಟ. ಬಾಗಿಲು ಹೇಳಿದಷ್ಟೇ ಗಾಳಿ ಎಂದು ಮಾವ ಅಂಗಡಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರು. ಕಂಡಕಂಡಂತೆ ಗಾಳಿ ತುಂಬುವವರ ನಡುವೆ ಅಂಗಡಿಗೆ ಒಳ್ಳೆಯ ಹೆಸರು ತಂದುಕೊಟ್ಟದ್ದೂ ಅದೇ ಮಾತು. ಟೈರಿನ ಜಾತಿಯೇ ಬದಲಾದರೆ ಬಾಗಿಲಿನ ಮಾತು ನಡೆಯುವುದಿಲ್ಲ ಎಂಬುದಕ್ಕೆ ಮಾತ್ರ ಆ ಗೋಡೆಯಲ್ಲಿ ಜಾಗವಿರಲಿಲ್ಲ. ಗಾಳಿ ಇಳಿದರೆ ಎಚ್ಚರಿಸುವ ದೀಪ ಗಾಡಿಯಲ್ಲಿತ್ತು, ಅದೂ ಬಾಗಿಲಿನ ಕಡೆಯದೇ. ಮೂವತ್ತೈದಿದೆಯಲ್ಲ ಎಂದು ಅದು ತೆಪ್ಪಗಿತ್ತು.

"ಮಾವ, ಈ ಟೈರಿಗೆ ಮೂವತ್ತೈದು ಸಾಲಲ್ಲ," ಎಂದ ಅಳಿಯ. "ಇಷ್ಟು ಭಾರ ಇದೆ, ಬಿಸಿಲಿದೆ. ಎಲ್ಲಾದ್ರೂ ಒಂದ್ನಿಮಿಷ ನಿಲ್ಸಿ, ಗಾಳಿ ಹಾಕ್ತೀನಿ."

ಮೂರನೇ ಸಾಲಿನಿಂದ ಮಾತು ಮುಂದಕ್ಕೆ ಮುಟ್ಟುವಷ್ಟರಲ್ಲಿ ಅರ್ಧ ಸವೆದಿರುತ್ತದೆ. ಮಾವ ಏನು ಎಂದರು. ಭಾವಮೈದ ಉತ್ತರ ಕೊಟ್ಟ.

"ಏನಿಲ್ಲಪ್ಪ, ಸೈರನ್ ಶುರುವಾಯ್ತು."

ಸೈರನ್ ಎಂಬುದು ಆ ಮನೆಯವರು ಅಳಿಯನಿಗೆ ಇಟ್ಟ ಅಡ್ಡಹೆಸರು. ಹಿಂದೊಮ್ಮೆ ನೆಂಟರ ಮದುವೆಗೆ ಹೋಗುವಾಗ ಬ್ರೇಕು ಸುಟ್ಟ ವಾಸನೆ ಬರುತ್ತಿದೆ ಎಂದು ಅವನು ಗಾಡಿ ನಿಲ್ಲಿಸಿದ್ದ. ನಾಲ್ಕು ಚಕ್ರ ಬಿಚ್ಚಿ ನೋಡಿದರೆ ಏನೂ ಇಲ್ಲ, ವಾಸನೆ ಮುಂದೆ ಹೋದ ಲಾರಿಯದು. ಇವರು ತಲುಪುವಾಗ ಮದುವೆ ಮುಗಿದು ಚಪ್ಪರ ಬಿಚ್ಚುತ್ತಿದ್ದರು. ಅಂದಿನಿಂದ ಅವನು ಗಾಡಿಯ ವಿಷಯವಾಗಿ ಬಾಯಿ ತೆರೆದರೆ ಯಾರೋ ಒಬ್ಬರು ಸೈರನ್ ಊದಿಯೇ ಊದುತ್ತಿದ್ದರು. ಅವನೂ ಜೊತೆಗೂಡಿ ನಗುತ್ತಿದ್ದ. ಮನೆ ಅಳಿಯನಾದವನು ಮೊದಲು ಕಲಿಯುವ ವಿದ್ಯೆ ಅದು.

ಮಾವ ನಗಲಿಲ್ಲ, ತಾಳ್ಮೆಯಿಂದ ತಿಳಿಹೇಳಿದರು. ಗಾಡಿ ಮಾಡಿದವರಿಗಿಂತ ನಮಗೆ ಹೆಚ್ಚು ಗೊತ್ತೇ, ಗಟ್ಟಿ ಟೈರು ಅಂದ ಮೇಲೆ ಅದು ಎರಡು ಪಟ್ಟು ಹೊರುತ್ತದಲ್ಲವೇ, ಮಧ್ಯಾಹ್ನದೊಳಗೆ ಶಟರ್ ಎತ್ತಬೇಕು, ನಿಮ್ಮದೇ ಅಂಗಡಿ ಅಳಿಯಂದ್ರೇ, ನಿಮಗೇ ಅವಸರವಿಲ್ಲವೇ. ಅಳಿಯ ಇನ್ನೊಂದು ಸಲ ವಿವರಿಸಲು ಹೋದ. ಅತ್ತೆ ಹಾಡಿನ ಸದ್ದು ಸ್ವಲ್ಪ ಜಾಸ್ತಿ ಮಾಡಿದರು.

ಹೆಂಡತಿ ಮಾತ್ರ ಒಮ್ಮೆ ತಿರುಗಿ ನೋಡಿದಳು. ಅವನು ಹುಡುಗಾಟಿಕೆಗೆ ಹೇಳುತ್ತಿಲ್ಲ ಎಂದು ಅವಳಿಗೆ ತಿಳಿಯಿತು, ಅವಳ ಮುಖವೇ ಸಣ್ಣಗಾಯಿತು. ಅಪ್ಪ, ಒಂದು ನಿಮಿಷ ನಿಲ್ಲಿಸಿದರೆ ಏನಾಗುತ್ತದೆ ಎಂದಳು. ನಿನಗೂ ಗಂಡನ ಗಾಳಿ ಬೀಸಿತಾ ಎಂದು ಮಾವ ವೇಗ ಹೆಚ್ಚಿಸಿದರು. ಅವಳು ಮಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ತಿರುವುಗಳಲ್ಲಿ ಗಾಡಿಯ ಹಿಂಭಾಗ ತಡವಾಗಿ ತಿರುಗುತ್ತಿತ್ತು. ಮುಂದೆ ಕೂತವರಿಗೆ ಅದು ತಿಳಿಯದು. ಚಕ್ರದ ಮೇಲೆಯೇ ಕೂತವನಿಗೆ, ತನ್ನ ಸೊಂಟವನ್ನೇ ಯಾರೋ ಹಿಂಡುತ್ತಿರುವಂತೆ ಪಕ್ಕೆ ಮಡಚಿದ್ದು, ಬಿಚ್ಚಿದ್ದು ಎಲ್ಲ ತಿಳಿಯುತ್ತಿತ್ತು. ಅವನು ಗಾಜಿಗೆ ಮುಖ ಒತ್ತಿ ಕೆಳಗೆ ನೋಡಲು ಯತ್ನಿಸಿದ. ಓಡುವ ಡಾಂಬರು ಬಿಟ್ಟರೆ ಏನೂ ಕಾಣಲಿಲ್ಲ. ಎದುರಿನಿಂದ ಲಾರಿಗಳು ಸಾಲುಸಾಲಾಗಿ ಬರುತ್ತಿದ್ದವು. ಈ ವೇಗದಲ್ಲಿ ಹಿಂಚಕ್ರ ಹರಿದರೆ ಗಾಡಿ ಯಾವ ಕಡೆಗೆ ಎಳೆಯುತ್ತದೆ, ಎಷ್ಟು ಹೊರಳುತ್ತದೆ ಎಂದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ಗೊತ್ತಿಲ್ಲದವರೆಲ್ಲ ಹಾಡು ಕೇಳುತ್ತಿದ್ದರು. ಗೊತ್ತಿದ್ದವನು ಜಾಕುಗಳ ಪಕ್ಕ ಸಿಕ್ಕಿಕೊಂಡಿದ್ದ, ಕೈಗೆ ಎಟಕುವ ಒಂದು ಹಿಡಿಕೆಯೂ ಇರಲಿಲ್ಲ.

ವಾಂತಿ ಬರುತ್ತಿದೆ ಎಂದ. ನಿಲ್ಲಿಸುತ್ತಾರೆ ಎಂದುಕೊಂಡಿದ್ದ. ಅತ್ತೆ ಕಾಲಬುಡದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಹಿಂದಕ್ಕೆ ದಾಟಿಸಿದರು, ಜೊತೆಗೆ ಮೂಸಲು ಅರ್ಧ ನಿಂಬೆಹಣ್ಣು. ಅವರ ಸಿದ್ಧತೆಯಲ್ಲಿ ಯಾವ ಲೋಪವೂ ಇರಲಿಲ್ಲ. ಅಳಿಯ ಒಂದು ಕೈಯಲ್ಲಿ ಕವರು, ಒಂದು ಕೈಯಲ್ಲಿ ನಿಂಬೆಹಣ್ಣು ಹಿಡಿದುಕೊಂಡು ಕೂತ. ಅಳು ಬರುವ ಹಾಗಾಯಿತು.

ಆಗ ಅವನಿಗೆ ನಟ್ಟಿನ ನೆನಪಾಯಿತು.

ಮಾವ ಎಲ್ಲವನ್ನೂ ಕ್ಷಮಿಸಬಲ್ಲವರು, ನಟ್ಟು ಮರೆತದ್ದನ್ನು ಮಾತ್ರ ಅಲ್ಲ. ಅಂಗಡಿ ಹೊಸದಾಗಿದ್ದಾಗ ಒಬ್ಬ ಕೆಲಸಗಾರ ನಟ್ಟುಗಳನ್ನು ಕೈಯಲ್ಲಿ ತಿರುಗಿಸಿಟ್ಟು, ಬಿಗಿಯಲು ಮರೆತು ಊಟಕ್ಕೆ ಹೋಗಿದ್ದನಂತೆ. ಆ ಗಾಡಿಯ ಚಕ್ರ ರಸ್ತೆಯಲ್ಲಿ ಕಳಚಿ ತಾನೇ ಮುಂದಕ್ಕೆ ಓಡಿತಂತೆ. ಅವನನ್ನು ಮಾವ ಊಟದ ಕೈ ಒಣಗುವ ಮುಂಚೆ ಮನೆಗೆ ಕಳಿಸಿದ್ದರು. ಟೈರು ತಪ್ಪಾದರೆ ಬದಲಾಯಿಸಬಹುದು, ನಟ್ಟು ಮರೆಯುವವನನ್ನು ಬದಲಾಯಿಸುವುದಕ್ಕಾಗುವುದಿಲ್ಲ ಎನ್ನುತ್ತಿದ್ದರು. ಆ ಹೆದರಿಕೆ ಅವರ ಮೈಯಲ್ಲಿ ಇಳಿದಿತ್ತು. ಗಾಳಿಯ ಮಾತಿಗೆ ಅವರು ನಿಲ್ಲುವುದಿಲ್ಲ, ನಟ್ಟಿನ ಮಾತಿಗೆ ನಿಲ್ಲುತ್ತಾರೆ.

ನಿಂತ ಮೇಲೆ ಏನಾಗುತ್ತದೆ ಎಂಬುದೂ ಅಳಿಯನಿಗೆ ಗೊತ್ತಿತ್ತು. ಅವನು ಮುಂದಿನ ಸೀಟಿನ ಸಂದಿಯಿಂದ ಮಾವನ ಅಂಗಿಯ ಜೇಬನ್ನು ನೋಡಿದ. ಬೀಗದಕೈಯ ಉಂಗುರ ಅಲ್ಲಿ ಬಟ್ಟೆಯನ್ನು ಎತ್ತಿ ತೋರಿಸುತ್ತಿತ್ತು. ಹೊರಗಿನ ಮೆಟ್ಟಿಲು, ಪರದೆ, ಒಲೆಯ ಜಾಗ ಎಲ್ಲ ಒಂದು ಸಲ ಕಣ್ಣ ಮುಂದೆ ಹಾದುಹೋಯಿತು. ಇನ್ನು ಸ್ವಲ್ಪ ದೂರ ತಡೆದರೆ ತಲುಪಿಯೂಬಿಡಬಹುದು ಎಂದು ಮನಸ್ಸು ಆಸೆ ಹುಟ್ಟಿಸಿತು. ಹೇಗೋ ಆಗುತ್ತದೆ, ಎಷ್ಟೋ ಜನ ಹೀಗೆಯೇ ಓಡಿಸುತ್ತಾರೆ, ಏನೂ ಆಗುವುದಿಲ್ಲ. ಅಷ್ಟರಲ್ಲಿ ಮಗಳು ನಿದ್ದೆಯಲ್ಲೇ ಮಗ್ಗುಲು ಬದಲಿಸಿ, ಅವಳ ಪುಟ್ಟ ಪಾದ ಕಿಟಕಿಯ ಗಾಜಿಗೆ ತಾಗಿಕೊಂಡಿತು.

"ಮಾವ," ಎಂದ. "ಹಿಂದಿನ ಎಡಗಡೆ ಚಕ್ರದ ನಟ್ಟು ನಾನು ಬಿಗಿ ಮಾಡಿಲ್ಲ. ಮರೆತುಬಿಟ್ಟೆ."

ಹಾಡು ನಿಂತಿತು. ಮಾವನ ಕಾಲು ಬ್ರೇಕಿನ ಮೇಲೆ ಹೋಯಿತು. ಮೆಲ್ಲಗೆ, ಬಹಳ ಮೆಲ್ಲಗೆ, ಗಾಜಿನ ಲೋಟ ಇಳಿಸುವಂತೆ ಗಾಡಿಯನ್ನು ರಸ್ತೆಯ ಬದಿಗೆ ಇಳಿಸಿ ನಿಲ್ಲಿಸಿದರು. ನಿಜವಾ ಎಂದು ಒಬ್ಬರೂ ಕೇಳಲಿಲ್ಲ. ನೆನಪಿಸಿಕೊಂಡು ನೋಡು ಎನ್ನಲಿಲ್ಲ. ಸೈರನ್ ಎಂದು ಭಾವಮೈದನೂ ನಗಲಿಲ್ಲ. ಇಷ್ಟು ವರ್ಷ ಅವನು ನಿಜ ಹೇಳಿದಾಗಲೆಲ್ಲ ನಕ್ಕವರು, ಅವನ ಬಾಯಿಂದ ಬಂದ ಮೊದಲ ದೊಡ್ಡ ಸುಳ್ಳನ್ನು ಕಣ್ಣುಮುಚ್ಚಿ ನಂಬಿದರು. ತಪ್ಪು ಮಾಡಿದೆ ಎಂದರೆ ಇವನು ಮಾಡಿಯೇ ಇರುತ್ತಾನೆ ಎಂದು ಎಲ್ಲರಿಗೂ ಅಷ್ಟು ಖಾತ್ರಿಯಿತ್ತು. ಗಾಡಿ ನಿಂತದ್ದಕ್ಕೆ ಜೀವ ಬಂದಂತಾಯಿತು ನಿಜ, ಆದರೆ ಆ ಖಾತ್ರಿ ಅವನನ್ನು ಚುಚ್ಚಿತು.

ಮರುಕ್ಷಣವೇ ಅವನಿಗೆ ಇನ್ನೊಂದು ನೆನಪಾಯಿತು. ಹಳದಿ ಗೀಟು! ಮಾವ ಇಳಿದು ಬಂದು ನೋಡಿದರೆ ಪ್ರತಿ ನಟ್ಟಿನ ಮೇಲೂ ಗೀಟಿದೆ. ಬಿಗಿಯಿದೆ ಎಂದು ಗೊತ್ತಾದ ಗಳಿಗೆಯಲ್ಲೇ ಎಲ್ಲರನ್ನೂ ಹತ್ತಿಸಿಕೊಂಡು ಹೊರಟುಬಿಡುತ್ತಾರೆ, ಈ ಸಲ ಇನ್ನೂ ಜೋರಾಗಿ. ಇಳಿದು ಓಡಿ ಹೋಗಿ ಅಳಿಸಬೇಕು. ಇಳಿಯುವುದೆಲ್ಲಿಂದ? ಭಾವಮೈದ ಬಲಗಡೆಯ ಬಾಗಿಲಿನಿಂದ ಇಳಿದು ನಿಂತು ಸೋಮಾರಿಯಂತೆ ಮೈ ಮುರಿಯುತ್ತಿದ್ದ. ಸೀಟು ಮಡಚಲು ಅವನಿಗೆ ನೆನಪಾಗಲಿಲ್ಲ.

ಹೆಂಡತಿ ಆಗಲೇ ಇಳಿದಿದ್ದಳು. ಮಗಳನ್ನು ಸೀಟಿನ ಮೇಲೆ ಮಲಗಿಸಿ, ಮಗುವಿನ ಮುಖ ಒರೆಸುವ ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು. ಅಳಿಯ ಗಾಜಿಗೆ ಹಣೆ ಒತ್ತಿ ನೋಡಿದ. ಅವಳ ಬಾಗಿದ ಬೆನ್ನು ಕಂಡಿತು, ಚಕ್ರದ ಮೇಲೆ ಗರಗರ ಓಡಾಡುವ ಮೊಣಕೈ ಕಂಡಿತು. ಪ್ರತಿ ಗೀಟು ಅವಳೇ ಎಳೆದದ್ದು. ಆ ಗೀಟು ಅಳಿಸಿದರೆ ಏನು ಅಳಿಸಿಹೋಗುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಆದರೂ ಕೈ ತಡೆಯಲಿಲ್ಲ. ಅಳಿಯ ಗಾಜಿನೊಳಗಿನಿಂದ ಬೆರಳಿನಿಂದ ಮೆಲ್ಲಗೆ ತಟ್ಟಿದ, ಏಕೆಂದು ಅವನಿಗೂ ಗೊತ್ತಿಲ್ಲ. ಅವಳು ತಲೆ ಎತ್ತಲಿಲ್ಲ.

ಮಾವ ಗಾಡಿಯನ್ನು ಸುತ್ತಿ ಬರುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. ಏನು ಮಾಡುತ್ತಿದ್ದೆ ಎಂದಾಗ ಧೂಳಿತ್ತು, ಒರೆಸಿದೆ ಎಂದಳು. ಮಾವ ಕೂತು ಒಂದೊಂದೇ ನಟ್ಟನ್ನು ನೋಡಿದರು. ಏಳುವಾಗ ಆಸರೆಗೆ ಟೈರಿನ ಮೇಲೆ ಕೈಯಿಟ್ಟವರು ಬಿಸಿಗೆ ಸರಕ್ಕನೆ ಹಿಂತೆಗೆದುಕೊಂಡರು.

"ಬಿಸಿಲು," ಎಂದರು. ಆಮೇಲೆ, ಯಾರಿಗೂ ಅಲ್ಲವೆಂಬಂತೆ, "ಒಂದಕ್ಕೂ ಗೀಟಿಲ್ಲ."

ಅಳಿಯನನ್ನು ಕೊನೆಗೂ ಹೊರಗೆ ಬಿಟ್ಟರು. ಅವನು ಪಾನಾ ತೆಗೆದುಕೊಂಡು, ಮೈ ಅಡ್ಡ ಮಾಡಿ ಕೂತು, ಬಿಗಿಯಾಗಿದ್ದ ನಟ್ಟುಗಳನ್ನು ಮೊದಲು ಸಡಿಲಿಸಿದ. ತಿರುಗಿಸಿದ ಕೂಡಲೇ ಟಕ್ ಎಂದರೆ, ನಟ್ಟು ಮೊದಲೇ ಬಿಗಿಯಿತ್ತೆಂದು ಮಾವನ ಕಿವಿಗೆ ಗೊತ್ತಾಗದೆ ಇರುವುದಿಲ್ಲ. ತಾನೇ ಸರಿಯಾಗಿ ಮಾಡಿದ ಕೆಲಸವನ್ನು ಕೆಡಿಸಿ, ಎಲ್ಲರೂ ನೋಡುತ್ತಿರುವಾಗ ಮತ್ತೆ ಮಾಡಿದ. ನಟ್ಟು ಸಡಿಲವಿದ್ದಾಗ ಓಡಿದ್ದರಿಂದ ಟೈರು ರಿಮ್ಮಿನಲ್ಲಿ ಅಲುಗಿರಬಹುದು, ಸ್ವಲ್ಪ ಗಾಳಿ ಏರಿಸಿದರೆ ಸರಿಯಾಗಿ ಕೂರುತ್ತದೆ, ಉಳಿದ ಮೂರಕ್ಕೂ ಏರಿಸದಿದ್ದರೆ ಗಾಡಿ ವಾಲುತ್ತದೆ ಎಂದು ಇನ್ನೊಂದು ಸುಳ್ಳು ಹೇಳಿದ. ಎರಡನೆಯದು ಬಹಳ ಸಲೀಸಾಗಿ ಬಂತು. ಏನಾದರೂ ಮಾಡಿ ಎಂದು ಮಾವ ಮುಖ ತಿರುಗಿಸಿದರು. ಅಳಿಯ ಸಣ್ಣ ಪಂಪನ್ನು ಗಾಡಿಯ ಬ್ಯಾಟರಿಗೆ ಸಿಕ್ಕಿಸಿ, ಕಾದ ಟೈರಿನೊಳಗಿನ ಗಾಳಿ ಹಿಗ್ಗಿರುವುದನ್ನೂ ಲೆಕ್ಕಕ್ಕೆ ಹಿಡಿದು, ಹಿಂದೆ ಐವತ್ತರ, ಮುಂದೆ ನಲವತ್ತೈದರ ಮೇಲೆ ಇನ್ನಷ್ಟು ಏರಿಸಿದ. ಒಂದೊಂದೇ ಚಕ್ರಕ್ಕೆ ಪಂಪು ಗೊರಗೊರ ಎನ್ನುತ್ತಿತ್ತು. ಉಳಿದವರು ಮರದ ನೆರಳಿನಲ್ಲಿ ನಿಂತಿದ್ದರು.

ಅವನು ಕೈ ಒರೆಸಿಕೊಳ್ಳುತ್ತಿದ್ದಾಗ ಮಾವ ಹತ್ತಿರ ಬಂದರು. ಕೂಗಾಡಲಿಲ್ಲ. ಅವರ ಕಣ್ಣಲ್ಲಿ ನೀರಿದ್ದ ಹಾಗಿತ್ತು, ಅವರೂ ಹೆದರಿದ್ದರು.

"ಅಳಿಯಂದ್ರೇ, ಬೇರೆಯವನಾಗಿದ್ರೆ ಇಲ್ಲಿಂದಾನೇ ಮನೆಗೆ ಕಳಿಸ್ತಿದ್ದೆ. ನೀವು ಮನೆಯವರು, ಹಾಗೆ ಬಿಡೋಕಾಗಲ್ಲ. ನನ್ನ ಕಣ್ಣೆದುರಿಗೇ ಇರಿ. ಇನ್ಮೇಲೆ ಪಾನಾ ಮುಟ್ಟೋದು ಬೇಡ, ಕೌಂಟರಲ್ಲಿ ಕೂತ್ಕೊಳ್ಳಿ."

ಜೇಬಿನಿಂದ ಬೀಗದಕೈ ತೆಗೆದು ಮಗನ ಕಡೆ ಚಾಚಿದರು. ಭಾವಮೈದ ಅದನ್ನು ಬೇರೆಯವರ ಮಗುವನ್ನು ಎತ್ತಿಕೊಂಡವನಂತೆ ಅಂಗೈಯಲ್ಲಿ ಹಿಡಿದು ನಿಂತ. ಅವನಿಗೆ ಆ ಊರಿಗೆ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಆದರೆ ಅಪ್ಪ ಚಾಚಿದ್ದನ್ನು ಬೇಡವೆನ್ನುವುದು ಅವನಿಗೂ ಬರುತ್ತಿರಲಿಲ್ಲ.

ಮತ್ತೆ ಹತ್ತುವಾಗ ಹೆಂಡತಿ, ಹಿಂದೆ ಜಾಗವಾಗಲೆಂದು, ಪಾನಾಗಳ ಪೆಟ್ಟಿಗೆಯನ್ನು ತನ್ನ ಸೀಟಿನ ಕಾಲಬುಡಕ್ಕೆ ತರಿಸಿದಳು. ಮಗು ಉದ್ದಕ್ಕೆ ಮಲಗಲಿ, ನೀನು ನೋಡಿಕೋ ಎಂದು ತಮ್ಮನಿಗೆ ಹೇಳಿ, ತಾನು ಹಿಂದಕ್ಕೆ ನುಸುಳಿ ಗಂಡನ ಪಕ್ಕ ಒತ್ತಿಕೊಂಡು ಕೂತಳು. ಕಬ್ಬಿಣ ಅವಳ ಪಕ್ಕೆಗೆ ಒತ್ತುತ್ತಿತ್ತು. ಸೀಟು ಹಿಂದಕ್ಕೆ ಬಿದ್ದು ಖಟ್ಟೆಂದು ಕೂತಿತು.

"ಅಪ್ಪನಿಗೆ ಹೇಳ್ಲಾ?" ಎಂದು ಕಿವಿಯ ಹತ್ತಿರ ಕೇಳಿದಳು. ನಟ್ಟು ಬಿಗಿಯಿತ್ತು, ಗೀಟು ನಾನೇ ಎಳೆದಿದ್ದೆ ಎಂದು. ಅಳಿಯ ಅದನ್ನೇ ಯೋಚಿಸುತ್ತಿದ್ದ. ಹೇಳಿದರೆ ಅವನು ನಟ್ಟು ಮರೆತವನಲ್ಲ ಎಂದಾಗುತ್ತದೆ. ಎಲ್ಲರನ್ನೂ ಹೆದರಿಸಿ ಸುಳ್ಳು ಹೇಳಿ ನಡುರಸ್ತೆಯಲ್ಲಿ ನಿಲ್ಲಿಸಿದವನು ಎಂದಾಗುತ್ತದೆ. ಮರೆತವನಿಗೂ ಅಂಗಡಿಯಿಲ್ಲ, ಸುಳ್ಳನಿಗೂ ಅಂಗಡಿಯಿಲ್ಲ. ಮತ್ತೆ ಟೈರಂತೂ ಹರಿದಿರಲಿಲ್ಲ. ಹರಿಯದ ಟೈರು ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ. ಬೇಡ ಎಂದು ತಲೆಯಾಡಿಸಿದ.

ಗಾಡಿ ಈಗ ಗಟ್ಟಿಯಾಗಿ ಓಡುತ್ತಿತ್ತು. ಸಣ್ಣ ಹಳ್ಳಕ್ಕೂ ಸೊಂಟಕ್ಕೆ ಕುಕ್ಕುತ್ತಿತ್ತು. ಪ್ರತಿ ಕುಕ್ಕಿಗೂ ಅಳಿಯನ ಎದೆ ಒಂದು ಚೂರು ಹಗುರಾಗುತ್ತಿತ್ತು. ಆದರೆ ಮಗಳು ಎಚ್ಚರಗೊಂಡು ಅಳತೊಡಗಿದಳು. ಅತ್ತೆ ಸೊಂಟ ಹಿಡಿದುಕೊಂಡು, ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು ಎಂದರು.

"ಕಲ್ಲಿನ ಮೇಲೆ ಕೂತ ಹಾಗಿದೆ," ಎಂದರು ಮಾವ. "ಮುಂದಿನ ವಾರ ದೊಡ್ಡ ಮಷೀನು ಸಾಗಿಸೋದಿದೆ, ಎಲ್ಲರೂ ಇದರಲ್ಲೇ ಬರೋಣ. ಹೊರಡೋ ಮುಂಚೆ ಮೂವತ್ತೈದಕ್ಕೆ ಇಳಿಸ್ಬೇಕು. ಗಾಳಿ ನಾನೇ ನಿಂತು ನೋಡ್ತೀನಿ."

ಭಾವಮೈದ ಆಯ್ತಪ್ಪ ಎಂದ.

ಹೆಂಡತಿ ಒದ್ದೆ ಬಟ್ಟೆಯನ್ನು ಮಡಿಲಿನಲ್ಲಿ ಮಡಚುತ್ತಿದ್ದಳು. ಹಳದಿ ಒಳಗೆ ಹೋಗುವಂತೆ ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದಳು.

"ಮುಂದಿನ ವಾರ ಏನು ಮರೀತೀರಿ?" ಎಂದಳು.

ಅಳಿಯ ಆಗಲೇ ಹುಡುಕುತ್ತಿದ್ದ. ಬ್ರೇಕಿನ ಎಣ್ಣೆ ಅನ್ನಬಹುದು. ಬ್ಯಾಟರಿಯ ತಂತಿ ಅನ್ನಬಹುದು. ಅದಕ್ಕೆಲ್ಲ ಅವರು ನಿಲ್ಲುತ್ತಾರೋ ಇಲ್ಲವೋ. ಖಂಡಿತ ನಿಲ್ಲುವುದು ಒಂದಕ್ಕೇ, ಅದೊಂದನ್ನು ಅವನು ಇನ್ನು ಮರೆಯುವಂತೆಯೂ ಇರಲಿಲ್ಲ.

"ನಟ್ಟು ಅಂತ ಮಾತ್ರ ಹೇಳೋಕಾಗಲ್ಲ," ಎಂದ. "ಅದನ್ನ ಇನ್ನು ನನ್ನ ಕೈಗೆ ಕೊಡಲ್ಲ."